ತಂಗಿಯ ಸ್ಯಾಂಪಲ್

ಲ್ಯಾಬಿನ ಕಿಟಕಿಯಲ್ಲಿ ಯಾರೋ ಇಟ್ಟುಹೋದ ಬಾಟಲಿಯ ಮೇಲಿನ ಚೀಟಿ ಓದಿ, ಒಳಗೆ ಪರೀಕ್ಷೆ ಮಾಡುವ ಅಕ್ಕ ಕೂತಲ್ಲೇ ಕೂತಳು. ತಂಗಿಯ ಹೆಸರು. ಒಂಬತ್ತು ವರ್ಷದಿಂದ ಇಬ್ಬರಿಗೂ ಮಾತಿಲ್ಲ. ತಾಯಿ ತೀರಿಕೊಂಡ ದಿನ ತಡವಾಗಿ ಬಂದ ತಂಗಿಗೆ, ನೆಂಟರೆದುರೇ "ಈಗ್ಯಾಕೆ ಬಂದೆ?" ಎಂದುಬಿಟ್ಟಿದ್ದಳು. ಆ ಹಾಳು ನಾಲಿಗೆಯನ್ನು ಅಂದಿನಿಂದ ಶಪಿಸುತ್ತಲೇ ಇದ್ದಾಳೆ, ಆದರೆ ಹೋಗಿ ಮಾತಾಡಿಸುವ ಧೈರ್ಯ ಮಾತ್ರ ಬರಲಿಲ್ಲ.

ತಂಗಿಗೆ ಕಾಮಾಲೆ. ಮೂತ್ರದಲ್ಲಿ ಯುರೋಬಿಲಿನೋಜನ್ ಎಷ್ಟಿದೆ ನೋಡಿ ಎಂದು ಡಾಕ್ಟರು ಬರೆದಿದ್ದರು. ಪಿತ್ತ ಕರುಳಿಗೆ ಇಳಿದರೆ ತಾನೇ ಅದು ಹುಟ್ಟುವುದು. ಆರೋಗ್ಯವಂತರಲ್ಲೂ ತುಸು ಇರುತ್ತದೆ. ಔಷಧದ ಹನಿ ಬಿದ್ದರೆ ತೆಳು ಗುಲಾಬಿ ಬಣ್ಣ. ಯಕೃತ್ತು ಊದಿಕೊಂಡಿದ್ದರೆ ಕಡುಗೆಂಪು. ಬಣ್ಣವೇ ಬರದಿದ್ದರೆ ಪಿತ್ತದ ದಾರಿ ಕಟ್ಟಿರಬಹುದು. ಕಲ್ಲಿನಿಂದಲೋ, ಬಾಯಲ್ಲಿ ಹೇಳಬಾರದ್ದರಿಂದಲೋ.

ಹನಿ ಹಾಕಿ ಐದು ನಿಮಿಷ ಕಾದಳು. ಗುಲಾಬಿಯ ಸುಳಿವೂ ಇಲ್ಲ. ಅಕ್ಕ ಬಾಟಲಿ ಹಿಡಿದು ಎದ್ದು ಬಂದಳು.

ಹೊರಗೆ ಬೆಂಚಿನ ತುದಿಯಲ್ಲಿ ತಂಗಿಯ ಗಂಡ ಮುದುರಿ ಕೂತಿದ್ದ.

"ಇದು ಯಾವಾಗಿಂದು?"

"ಬೆಳಗ್ಗೆ ಏಳು ಗಂಟೇದು."

ಈಗ ಹನ್ನೆರಡು. "ಇಷ್ಟು ಹೊತ್ತು ಎಲ್ಲಿದ್ರಿ?"

"ಎದುರುಗಡೆ ಕಟ್ಟೆ ಮೇಲೆ. ನೀವು ಎದ್ದು ಹೋದ್ಮೇಲೆ ಬೇರೆಯವರ ಕೈಗೆ ಕೊಡೋಣ ಅಂತ. ನೀವು ಏಳ್ಲೇ ಇಲ್ಲ. ಕೊನೆಗೆ ನೀವು ಆ ಕಡೆ ತಿರುಗಿದಾಗ ಕಿಟಕೀಲಿ ಇಟ್ಬಿಟ್ಟೆ."

ಬಾಟಲಿಯೂ ಈ ಮಹಾನುಭಾವನ ಪಕ್ಕದಲ್ಲೇ ಬಿಸಿಲು ಕಾಯಿಸುತ್ತಿತ್ತು. ಬೆಳಕು ಬಿದ್ದರೆ ಯುರೋಬಿಲಿನೋಜನ್ ಹಾಳಾಗುತ್ತದೆ, ಇದ್ದದ್ದೂ ಇಲ್ಲವೆಂದೇ ತೋರುತ್ತದೆ.

"ಇದು ಕೆಲಸಕ್ಕೆ ಬರಲ್ಲ. ಅವಳನ್ನೇ ಕರ್ಕೊಂಡು ಬನ್ನಿ, ಇಲ್ಲೇ ಕೊಡ್ಬೇಕು."

ಹೇಳಿದ್ದು ನಿಯಮವೇ. ಆದರೆ ನಿಯಮವೊಂದನ್ನು ಅಷ್ಟು ಆಸೆಯಿಂದ ಯಾರೂ ಹೇಳಿರಲಾರರು.

ಮೂರಕ್ಕೆ ತಂಗಿ ಬಂದಳು. ಕಣ್ಣು ಹಳದಿ, ಕೆನ್ನೆ ಒಳಗೆ ಹೋಗಿತ್ತು. ತಬ್ಬಿಕೊಳ್ಳಬೇಕೆನಿಸಿತು ಅಕ್ಕನಿಗೆ. ತಂಗಿ ಸ್ಯಾಂಪಲನ್ನು ಕಿಟಕಿಯಲ್ಲಿಟ್ಟು, ಹೋಗಿ ಬೆಂಚಿನಲ್ಲಿ ಕೂತಳು.

ಈ ಸಲ ಹನಿ ಬಿದ್ದದ್ದೇ ತಡ, ಬಣ್ಣ ಕಡುಗೆಂಪಿಗೆ ತಿರುಗಿತು. ದಾರಿ ಕಟ್ಟಿಲ್ಲ. ಯಕೃತ್ತು ಸೋತಿದೆ, ಪಥ್ಯ ಮಾಡಿ ಮಲಗಿದರೆ ಚೇತರಿಸಿಕೊಂಡೀತು. ಅಕ್ಕ ಉಸಿರು ಬಿಟ್ಟಳು. ಮರುಗಳಿಗೆಯೇ ಇನ್ನೊಂದು ಯೋಚನೆ ಬಂತು. ಗುಣವಾದ ಮೇಲೆ ಇವಳು ಇತ್ತ ಯಾಕೆ ಬಂದಾಳು?

ವರದಿ ಕೊಡುತ್ತ, "ದಾರಿ ಕಟ್ಟಿದ ಹಾಗಿಲ್ಲ, ಹೆದರ್ಬೇಡ" ಎಂದಳು. ಆಮೇಲೆ, ಇಪ್ಪತ್ತು ವರ್ಷದ ಕಸುಬಿನಲ್ಲಿ ಮೊದಲ ಸಲ, ಸುಳ್ಳು ಹೇಳಿದಳು. "ಮುಂದಿನ ವಾರ ಇನ್ನೊಂದ್ಸಲ ನೋಡ್ಬೇಕು. ನೀನೇ ಬರ್ಬೇಕು."

ತಂಗಿ ಡಾಕ್ಟರ ಚೀಟಿಯನ್ನು ಹಿಂದೆ ಮುಂದೆ ತಿರುಗಿಸಿದಳು. "ಇದ್ರಲ್ಲಿ ಹಾಗೇನೂ ಬರ್ದಿಲ್ವಲ್ಲ."

ಅಕ್ಕ ಖಾಲಿ ಬಾಟಲಿಯೊಂದನ್ನು ಅವಳತ್ತ ಸರಿಸಿದಳು.

"ಸ್ಯಾಂಪಲ್ ಕೊಡ್ಬೇಕಾ," ತಂಗಿ ಮೆಲ್ಲಗೆ ಕೇಳಿದಳು, "ಇಲ್ಲ ಬರೀ ನಾನು ಬಂದ್ರೆ ಸಾಕಾ, ಅಕ್ಕಾ?"