ಮಾ ಲೀ ಜಲಪಾತದ ದಾರಿ ಮುಚ್ಚಿದೆ

ಕೆರಿಬಿಯನ್ ದ್ವೀಪ ಡೊಮಿನಿಕಾದಲ್ಲಿ ಬೆಳಗಿನ ಪ್ರವಾಸಿ ಸುದ್ದಿ ಓದುತ್ತಿದ್ದವಳು ಕ್ಲೋಟಿಲ್. ಯಾವ ಪ್ರವಾಸಿ ಹಡಗು ಬಂದಿದೆ, ಯಾವ ಬಿಸಿನೀರಿನ ಬುಗ್ಗೆ ತೆರೆದಿದೆ, ಎಲ್ಲಿ ರಸ್ತೆ ಕುಸಿದಿದೆ ಎಂದು ರೇಡಿಯೊದಲ್ಲಿ ಹೇಳುವುದು ಅವಳ ಕೆಲಸ. ರೋಸೊ ಬಂದರಿನ ವ್ಯಾನ್ ಚಾಲಕರು ಅದನ್ನು ಕೇಳಿಯೇ ಪ್ರವಾಸಿಗರನ್ನು ಎತ್ತ ಕರೆದೊಯ್ಯುವುದೆಂದು ತೀರ್ಮಾನಿಸುತ್ತಿದ್ದರು.

ಅವಳ ಅಣ್ಣ ಜರ್ವೆ ಕಾಡಂಚಿನ ಅವರ ಊರಿನಲ್ಲಿದ್ದ. ಮಾ ಲೀ ಜಲಪಾತಕ್ಕೆ ಜನರನ್ನು ಕಾಡಿನೊಳಗೆ ನಡೆಸಿಕೊಂಡು ಹೋಗುವುದೇ ಅವನ ಬದುಕು. ಬಿರುಗಾಳಿಯ ತಿಂಗಳಲ್ಲಿ ಗುಡ್ಡ ಜರಿದು ದಾರಿ ಮುಚ್ಚಿತು. ಊರಿನವರು ಮಚ್ಚು, ಹಾರೆ ಹಿಡಿದು, ಹಡಗುಗಳು ಬರುವ ಕಾಲಕ್ಕೆ ಸರಿಯಾಗಿ ಅದನ್ನು ಬಿಡಿಸಿದರು. ಆದರೆ ಪ್ರವಾಸ ಇಲಾಖೆಯಿಂದ ಬರುವ ಹಾಳೆಯಲ್ಲಿ ಮಾತ್ರ ಅದೇ ಸಾಲು: ದಾರಿ ಮುಚ್ಚಿದೆ. ಕ್ಲೋಟಿಲ್ ದಿನಾ ಅದನ್ನೇ ಓದಿದಳು.

ಸುದ್ದಿ ಮುಗಿಯುತ್ತಿದ್ದಂತೆ ಜರ್ವೆಯ ಫೋನು ಬರುತ್ತಿತ್ತು. ಊರಿನ ರಮ್ ಅಂಗಡಿಯಲ್ಲಿ ಎಲ್ಲರೂ ಅವನನ್ನು ಆಡಿಕೊಳ್ಳುತ್ತಿದ್ದರಂತೆ, ತಂಗಿಯ ಬಾಯಿಂದಲೇ ಅಣ್ಣನ ಹೊಟ್ಟೆಗೆ ಬೀಗ ಬಿತ್ತು ಎಂದು. ಅವಳು ಇಲಾಖೆಯನ್ನು ಕೇಳಿದರೆ, ಅಧಿಕಾರಿ ಬಂದು ನೋಡಬೇಕು, ಮುಂದಿನ ವಾರ ಬರುತ್ತಾರೆ ಎಂಬ ಉತ್ತರ. ಮುಂದಿನ ವಾರವೂ ಅದೇ ಉತ್ತರ. ಅಣ್ಣನಿಗೆ ಹೇಳಿದರೆ ಅವನು ಅವಳ ಮೇಲೆ ರೇಗುತ್ತಿದ್ದ, ಅವಳು ಗೋಡೆಯ ಮೇಲೆ ರೇಗುತ್ತಿದ್ದಳು.

ಕೊನೆಗೆ ಒಂದು ಭಾನುವಾರ, ಚರ್ಚಿನ ಪೂಜೆ ಮುಗಿಸಿ, ಕ್ಲೋಟಿಲ್ ಬಸ್ಸು ಹತ್ತಿ ಊರಿಗೆ ಹೋದಳು. ಕಣ್ಣಾರೆ ಕಂಡೆ ಎಂದು ಇಲಾಖೆಯವರ ಮುಖಕ್ಕೆ ಹೇಳಬೇಕೆಂಬ ಹಟ ಅವಳದು.

ದಾರಿ ನಿಜಕ್ಕೂ ಚೆನ್ನಾಗಿತ್ತು. ಮರದೆತ್ತರ ಬೆಳೆಯುವ ಜರಿಗಿಡದ ಕಾಂಡಗಳಿಂದ ಹೊಸ ಮೆಟ್ಟಿಲು, ಇಳಿಜಾರಿನಲ್ಲಿ ಹಿಡಿಯಲು ಹಗ್ಗ. ಜರ್ವೆ ಮುಂದೆ ನಡೆಯುತ್ತಿದ್ದ. ಇಷ್ಟು ದುಡಿದವನಿಗೆ ಇಂಥ ಅನ್ಯಾಯವೇ ಎಂದು ಅವಳಿಗೆ ಇಲಾಖೆಯ ಮೇಲೆ ಸಿಟ್ಟು ಬಂತು. ಕೊನೆಯ ತಿರುವು ದಾಟಿ ನೋಡಿದಾಗ ಅವಳ ಕಾಲು ನಿಂತಿತು.

ಮೇಲಿಂದ ನೀರು ಎಂದಿನಂತೆ ಬೀಳುತ್ತಿತ್ತು. ಕೆಳಗೆ ಕೊಳ ಇರಲಿಲ್ಲ. ಅಣ್ಣ ಅವಳಿಗೆ ಈಜು ಕಲಿಸಿದ, ಹಡಗಿನ ಜನ ಹಂಬಲಿಸಿ ಬರುತ್ತಿದ್ದ ಆ ಹಸಿರು ಕೊಳದ ತುಂಬ ಬಂಡೆ, ಕೆಸರು, ಮುರಿದ ಮರ.

“ಅಣ್ಣ, ಇದನ್ನ ಯಾಕೆ ಹೇಳಲಿಲ್ಲ?”

“ದಾರಿ ಮುಚ್ಚಿದೆ ಅಂತ ನೀನು ಓದ್ತಿದ್ದೆ. ದಾರಿ ತೆರೆದಿದೆ. ನೋಡಿದ್ಯಲ್ಲ.”

“ಜನ ಬರೋದು ಈಜೋಕೆ ಕಣೋ.”

“ನೀರು ಬೀಳ್ತಾ ಇದೆ ತಾನೆ? ಬಂದು ನೋಡ್ಲಿ. ಒಂದು ದೊಡ್ಡ ಮಳೆ ಬಂದ್ರೆ ಹೊಳೆ ಎಲ್ಲಾನೂ ಕೊಚ್ಕೊಂಡು ಹೋಗುತ್ತೆ. ಅಲ್ಲೀವರೆಗೆ ನಾನು ಏನು ತಿನ್ಲಿ, ನಿನ್ನ ಸುದ್ದಿನಾ?”

ಅತ್ತಿಗೆ ಬೇಯಿಸಿಟ್ಟಿದ್ದ ಜೀಗುಜ್ಜೆ ಕಾಯಿ, ಉಪ್ಪುಮೀನನ್ನು ಇಬ್ಬರೂ ತಟ್ಟೆಯಲ್ಲೇ ಬಿಟ್ಟರು.

ಸೋಮವಾರ ಅವಳು ಹಾಳೆಯನ್ನು ಪಕ್ಕಕ್ಕಿಟ್ಟು, ಮಾ ಲೀ ಜಲಪಾತದ ದಾರಿ ತೆರೆದಿದೆ, ನಡೆಯಲು ಸುಗಮವಾಗಿದೆ, ಕೊಳ ಮಾತ್ರ ಕಲ್ಲಿನಿಂದ ತುಂಬಿದೆ ಎಂದಳು. ಹಾಳೆಯಲ್ಲಿಲ್ಲದ್ದನ್ನು ಓದಿದ್ದಕ್ಕೆ ರೇಡಿಯೊದ ಮೇಲಿನವರು ಕರೆದು ಗದರಿದರು. ವಾರಗಟ್ಟಲೆ ಬಾರದಿದ್ದ ಅಧಿಕಾರಿ ಮರುದಿನವೇ ಜಲಪಾತ ನೋಡಲು ಓಡಿಬಂದ. ಅದರ ಮಾರನೆಯ ಬೆಳಿಗ್ಗೆ ಹಾಳೆಯಲ್ಲಿ ಹೊಸ ಸಾಲು ಇತ್ತು: ದಾರಿ ತೆರೆದಿದೆ, ಆದರೆ ಸದ್ಯ ಭೇಟಿ ಸೂಕ್ತವಲ್ಲ. ಅವಳು ಅದನ್ನೂ ಓದಬೇಕಾಯಿತು. ವ್ಯಾನುಗಳು ಬಿಸಿನೀರಿನ ಬುಗ್ಗೆಗಳ ಕಡೆಗೇ ಹೋದವು.

ಜರ್ವೆಯ ಫೋನು ನಿಂತಿತು. ಅವಳು ಮಾಡಿದರೆ ಅತ್ತಿಗೆ ಎತ್ತಿಕೊಂಡು, ಅವನು ಕೊಳದಲ್ಲಿ ಹಾರೆ ಹಿಡಿದು ಕಲ್ಲು ಉರುಳಿಸುತ್ತಿದ್ದಾನೆ, ಯಾರ ಮಾತೂ ಕೇಳುವುದಿಲ್ಲ ಎನ್ನುತ್ತಿದ್ದಳು. ಕ್ರಿಸ್‌ಮಸ್ ಹತ್ತಿರ ಬಂದಾಗ ಒಮ್ಮೆ ಅವನೇ ಎತ್ತಿದ.

“ನಿನ್ನೆ ಒಬ್ಬಳು ಮುದುಕಿ ಬಂದಿದ್ದಳು, ಮಗಳ ಜೊತೆ,” ಎಂದ. “ಈಜು ಬರಲ್ವಂತೆ. ಸುಮ್ನೆ ಕೂತು ನೋಡಿ ಹೋದ್ರು.”

“ಒಳ್ಳೇದಾಯ್ತಲ್ಲ ಅಣ್ಣ.”

“ಏನು ಒಳ್ಳೇದು? ಅಂಥವರು ಎಷ್ಟು ಜನ ಇರ್ತಾರೆ?”

ಕೊಳದಲ್ಲಿ ಇನ್ನೂ ಕಲ್ಲು ತೆಗೆಯೋದಿದೆ ಎಂದು ಹೇಳಿ ಅವನು ಫೋನು ಇಟ್ಟ.