ಮರ್ಯಾದೆಯಿಂದ ಹೋಗಿ ಕೆಸರಲ್ಲಿ ಕೂತದ್ದು

ದೋಣಿ ನೀರಿಗಿಳಿಸುವ ನಮ್ಮ ರ‍್ಯಾಂಪ್ ಮುಚ್ಚುವ ವಿಚಾರ ಕೌಂಟಿ ಮಂಡಳಿಯ ಮುಂದೆ ಬಂದದ್ದು ದಂತವೈದ್ಯ ಗ್ರೆಷಮ್ ಅವರ ದೆಸೆಯಿಂದ. ನಿವೃತ್ತರಾಗಿ ಫ್ಲಾರಿಡಾಕ್ಕೆ ಬಂದು, ಜೌಗಿನ ಅಂಚಿನಲ್ಲಿ ಮನೆ ಕಟ್ಟಿಸಿ, ಆಮೇಲೆ ಜೌಗಿನಲ್ಲಿ ಏರ್‌ಬೋಟ್‌ಗಳು ಓಡಾಡುತ್ತವೆಂದು ಅವರು ಕಂಡುಹಿಡಿದರು. ನಲವತ್ತು ವರ್ಷ ಜನರ ಬಾಯೊಳಗೆ ಯಂತ್ರ ಕೊರೆದ ಮನುಷ್ಯನಿಗೆ ನಮ್ಮ ಸದ್ದು ಸಹಿಸಲಾಗಲಿಲ್ಲ.

ಸದ್ದಿರುವುದು ನಿಜ. ಚಪ್ಪಟೆ ತಳದ ದೋಣಿ, ಅದರ ಹಿಂದೆ ಆಳೆತ್ತರದ ವಿಮಾನದ ಫ್ಯಾನು, ಅದು ಪಿಸುಗುಟ್ಟುವುದಿಲ್ಲ. ನಮ್ಮ ಕ್ಲಬ್ಬಿನ ಮೂವತ್ತು ಜನರಲ್ಲಿ ಕಿವಿ ನೆಟ್ಟಗಿರುವವರು ನಾಲ್ವರು. ನನ್ನ ಗಂಡ ಹೋಯ್ಟ್ ಆ ನಾಲ್ವರಲ್ಲಿಲ್ಲ.

ನನಗೆ ರ‍್ಯಾಂಪ್ ಬೇಕಾಗಿದ್ದದ್ದು ಅಕ್ಕ ಲೂಡಿಗಾಗಿ. ಎಂಬತ್ತೊಂದರ ಲೂಡಿ ಜೌಗಿನ ನಡುವಿನ ದಿಬ್ಬದ ಮೇಲೆ ತಗಡಿನ ಮನೆಯಲ್ಲಿ, ಗಂಡನ ಸಮಾಧಿಯ ಪಕ್ಕದಲ್ಲಿ ಒಬ್ಬಳೇ ಇದ್ದಾಳೆ. ಮಂಗಳವಾರ ಮಂಗಳವಾರ ಅವಳಿಗೆ ಹಿಟ್ಟು, ಕಾಫಿಪುಡಿ, ಬಿಪಿ ಮಾತ್ರೆ ಒಯ್ಯುತ್ತೇವೆ. ದೋಣಿ ನೀರಿಗಿಳಿಸಲು ಇನ್ನೊಂದು ಜಾಗವಿಲ್ಲ. ಅದನ್ನು ಮುಚ್ಚಿದರೆ ಅವಳು ಆ ದಿಬ್ಬ ಬಿಟ್ಟು ನಮ್ಮ ಮನೆಗೆ ಬರಬೇಕು. ಅಲ್ಲಿಂದ ಕಿತ್ತು ತಂದರೆ ಅವಳು ಬದುಕುವವಳಲ್ಲ. ಅವಳು ಬದುಕಿದರೆ ನಾನು ಬದುಕುವವಳಲ್ಲ.

ಕ್ಲಬ್ಬಿನ ಕಾರ್ಯದರ್ಶಿಯಾಗಿ ನಾನು ಮಂಡಳಿಗೆ ಉದ್ದದ ಪತ್ರ ಬರೆದೆ. ಪ್ರತಿ ಮಾರ್ಚಿನಲ್ಲಿ ಜೌಗಿನ ಕಸ ಎತ್ತುತ್ತೇವೆ, ಹೋದ ಸಲ ಒಂದು ಫ್ರಿಜ್ಜೂ ಯಾರದೋ ಹಲ್ಲಿನ ಸೆಟ್ಟೂ ಸಿಕ್ಕಿದವು; ಗಾಲಿಕುರ್ಚಿಯವರನ್ನು ಸವಾರಿಗೆ ಕರೆದೊಯ್ಯುತ್ತೇವೆ; ಸಿಕ್ಕಿಕೊಂಡವರನ್ನು ಎಳೆದು ತರುತ್ತೇವೆ ಎಂದೆಲ್ಲ. ಪತ್ರವನ್ನು ಯಾರೂ ಓದಿದಂತೆ ಕಾಣಲಿಲ್ಲ. ಮಂಡಳಿಯ ಐವರಲ್ಲಿ ಇಬ್ಬರು ನಮ್ಮ ಕಡೆ, ಇಬ್ಬರು ಗ್ರೆಷಮ್ ಕಡೆ. ಐದನೆಯವರಾದ ಮಾರ್ಸೆಲ್ಲಾ ಪ್ರುವಿಟ್, ತಾನೇ ಒಮ್ಮೆ ಏರ್‌ಬೋಟಿನಲ್ಲಿ ಕೂತು ನೋಡಿ ತೀರ್ಮಾನಿಸುತ್ತೇನೆ ಎಂದರು.

ಅವರ ಎದುರು ಹೇಗಿರಬೇಕೆಂದು ಕ್ಲಬ್ಬು ಎರಡು ಸಂಜೆ ಚರ್ಚಿಸಿತು. ಹೋಯ್ಟ್ ಉಗುಳಬಾರದು. ಮೊಸಳೆ ಕಥೆ ಹೇಳಬಾರದು. ಗ್ರೆಷಮ್ ಮನೆ ಮುಂದೆ ಎಂಜಿನ್ ತಗ್ಗಿಸಿ ಮೆಲ್ಲಗೆ ಸಾಗಬೇಕು. ಎಲ್ಲರೂ ಕೈಯೆತ್ತಿದರು, ನಾನೂ ಎತ್ತಿದೆ. ಆಗ ಏಪ್ರಿಲ್, ನೀರಿಳಿದು ಅಲ್ಲೆಲ್ಲ ಬರೀ ಕೆಸರು. ಕೆಸರಿನ ಮೇಲೆ ವೇಗ ತಗ್ಗಿಸಿದರೆ ಏರ್‌ಬೋಟ್ ಎಮ್ಮೆಯ ಹಾಗೆ ಕೂತುಬಿಡುತ್ತದೆ. ಹಿಂದಕ್ಕೆ ಹೋಗುವುದಂತೂ ಅದಕ್ಕೆ ಗೊತ್ತೇ ಇಲ್ಲ. ಇದು ನಾವು ಮಕ್ಕಳಿಗೆ ಕಲಿಸುವ ಮೊದಲ ಪಾಠ. ಮರ್ಯಾದೆ ತಲೆಗೇರಿದ್ದರಿಂದ ಒಬ್ಬರಿಗೂ ನೆನಪಾಗಲಿಲ್ಲ.

ಪ್ರುವಿಟ್ ಅವರನ್ನು ಕೂರಿಸಿಕೊಂಡು ನಾನೂ ಹೋಯ್ಟೂ ಹೊರಟು, ಗ್ರೆಷಮ್ ಮನೆಯ ಎದುರಿಗೇ ಕೆಸರಲ್ಲಿ ಕೂತೆವು. ಆಮೇಲೆ ಹೋಯ್ಟ್ ಎಷ್ಟು ಗುಡುಗಿಸಿದರೂ ದೋಣಿ ಅಲುಗಲಿಲ್ಲ. ಎಂಜಿನ್ ಆರಿಸಿ, ಇಳಿದು ತಳ್ಳಬೇಕು ಮೇಡಂ ಎಂದ. ಪ್ರುವಿಟ್ ತಮ್ಮ ಬಿಳಿ ಬೂಟು ನೋಡಿಕೊಂಡರು, ಹತ್ತು ಮಾರು ದೂರದಲ್ಲಿ ಬಿಸಿಲು ಕಾಯುತ್ತಿದ್ದ ಮೊಸಳೆಯನ್ನು ನೋಡಿದರು.

"ಅದು?"

"ಅದು ತಳ್ಳಲ್ಲ ಮೇಡಂ."

ಗ್ರೆಷಮ್ ತಮ್ಮ ದೋಣಿಕಟ್ಟೆಯ ಮೇಲೆ ಬಂದು ನಿಂತರು. ಅವರ ಸ್ವಂತ ದೋಣಿ ನೀರಿಲ್ಲದೆ ಅಲ್ಲೇ ಸರಪಳಿಯಲ್ಲಿ ತೂಗುತ್ತಿತ್ತು. ಇನ್ನೂ ಎಷ್ಟು ಹೊತ್ತು ಇಲ್ಲಿರುತ್ತೀರಿ ಎಂದು ಕೇಳಿದರು. ಪ್ರುವಿಟ್ ಕೌಂಟಿಯ ತುರ್ತು ಸಂಖ್ಯೆಗೆ ಫೋನ್ ಮಾಡಿದರು. ಕೌಂಟಿಯ ದೋಣಿ ಅಷ್ಟು ಕಮ್ಮಿ ನೀರಿಗೆ ಬರುವುದಿಲ್ಲ, ಬೇರೆ ಜನರನ್ನು ಕಳಿಸುತ್ತೇವೆ, ಧೈರ್ಯವಾಗಿರಿ ಎಂದಳು ಅಲ್ಲಿದ್ದ ಹುಡುಗಿ.

ಅರೆ ನಿಮಿಷದಲ್ಲಿ ನನ್ನ ಚೀಲದೊಳಗಿನ ಫೋನ್ ಬಡಿದುಕೊಂಡಿತು. ಅದೇ ಹುಡುಗಿ.

"ಆರ್ವಿಲ್ಲಾ ಆಂಟಿ, ಯಾರೋ ಹೆಂಗಸು ಗ್ರೆಷಮ್ ಮನೆ ಮುಂದೆ ಕೆಸರಲ್ಲಿ ಸಿಕ್ಕಿಕೊಂಡಿದಾರೆ. ಹೋಯ್ಟ್ ಅಂಕಲ್‌ನ ಕಳಿಸ್ತೀರಾ?"

"ಅವನು ಆಗ್ಲೇ ತಲುಪಿದಾನೆ ಕಣಮ್ಮ," ಎಂದೆ.

ಹುಡುಗಿಯ ಮಾತು ಕೇಳಿಸಿಕೊಂಡ ಪ್ರುವಿಟ್ ತಮ್ಮ ಫೋನನ್ನು ಒಳಗಿಟ್ಟರು. "ನಿಮ್ಮನ್ನ ಬಿಟ್ಟರೆ ಕೌಂಟಿ ಇನ್ಯಾರನ್ನ ಕರೆಯುತ್ತೆ?"

"ಯಾರನ್ನೂ ಇಲ್ಲ. ರ‍್ಯಾಂಪ್ ಮುಚ್ಚಿದ ಮೇಲೆ ನಮ್ಮನ್ನೂ ಇಲ್ಲ," ಎಂದೆ.

"ಆದರೆ ಇಲ್ಲಿ ತಂದು ಸಿಕ್ಕಿಸಿದ್ದೂ ನೀವೇ ಅಲ್ವಾ?"

"ಹೌದು ಮೇಡಂ. ನಿಧಾನ ಹೋಗಿದ್ದಕ್ಕೆ."

ನಾನು ಕ್ಲಬ್ಬಿನ ಟ್ಯಾಲ್ಮೇಜನನ್ನು ಕರೆದೆ. ಅವನಿಗೆ ಯಾವ ಮರ್ಯಾದೆಯೂ ನೆನಪಿರಲಿಲ್ಲ. ಆಕಾಶ ಹರಿಯುವಂತೆ ಬಂದು, ನಮ್ಮನ್ನು ಒಂದು ಸುತ್ತು ಹಾಕಿ, ಹಗ್ಗ ಎಸೆದು ಕಿತ್ತೆಳೆದ. ಫ್ಯಾನಿನ ಗಾಳಿಗೆ ಗ್ರೆಷಮ್ ಅಂಗಳದ ದೊಡ್ಡ ಕೊಡೆ ಹಾರಿಹೋಯಿತು. ನಮ್ಮ ದೋಣಿಗೆ ಹಗ್ಗ ಕಟ್ಟಲು ಇಳಿದ ಪ್ರುವಿಟ್ ಮೇಡಂ ಅವರ ಒಂದು ಬೂಟು ಕೆಸರಲ್ಲೇ ಉಳಿಯಿತು. ಇಳಿಯಿರಿ ಎಂದು ನಾವು ಹೇಳಿರಲಿಲ್ಲ.

ಸೋಮವಾರ ಮಂಡಳಿ ಸೇರಿತು. ಮುಚ್ಚದಿದ್ದರೂ ಪರವಾಗಿಲ್ಲ, ತಮ್ಮ ಮನೆ ಮುಂದೆ ನಿಧಾನವಾಗಿ ಹೋಗಬೇಕೆಂದು ನಿಯಮ ಮಾಡಿ ಎಂದು ಗ್ರೆಷಮ್ ಕೇಳಿಕೊಂಡರು.

"ಆ ನಿಧಾನದಲ್ಲಿ ನಾನು ಒಂದೂವರೆ ಗಂಟೆ ಕೂತಿದ್ದೀನಿ ಡಾಕ್ಟ್ರೇ," ಎಂದರು ಪ್ರುವಿಟ್. "ಅದೊಂದು ಬೇಡ."

ಬೆಳಿಗ್ಗೆ ಏಳಕ್ಕೆ ಮುಂಚೆ ಎಂಜಿನ್ ಹಚ್ಚಬಾರದು ಎಂಬ ಷರತ್ತಿನ ಮೇಲೆ ಎರಡರ ಎದುರು ಮೂರು ಮತದಿಂದ ರ‍್ಯಾಂಪ್ ಉಳಿಯಿತು. ಗೆದ್ದೆವಾ ಎಂದು ಹೋಯ್ಟ್ ನನ್ನ ಕಿವಿಯಲ್ಲಿ ಕೇಳಿದ್ದು ಇಡೀ ಸಭೆಗೆ ಕೇಳಿಸಿತು.

ಮರುದಿನ ಮಂಗಳವಾರ. ಏಳೂಕಾಲಕ್ಕೆ ಹೊರಟು ಲೂಡಿಗೆ ಸುದ್ದಿ ಮುಟ್ಟಿಸಿದೆವು. ಅವಳು ಹಿಟ್ಟಿನ ಚೀಲ ಕಂಕುಳಲ್ಲಿ ಅವಚಿಕೊಂಡು ಕೇಳಿಸಿಕೊಂಡಳು. ಕಣ್ಣು ಒದ್ದೆಯಾದ ಹಾಗೆ ಕಂಡಿತು; ಕೇಳಿದ್ದರೆ ಒಪ್ಪುತ್ತಿರಲಿಲ್ಲ.

"ಬೇಡ ಅಂದ ಆ ಇಬ್ಬರ ಹೆಸರು ಬರ್ಕೊಡೇ."

ಯಾಕೆ ಎಂದೆ.

"ಇನ್ನೆರಡು ವರ್ಷಕ್ಕೆ ಚುನಾವಣೆ ಬರುತ್ತಲ್ಲ. ಅಲ್ಲೀವರೆಗೆ ನಾನೇನೂ ಸಾಯಲ್ಲ."