ನೀರಿನಲ್ಲಿದ್ದ ಕ್ಲೋರೈಡ್

ಶಾಲೆಯ ರಸಾಯನಶಾಸ್ತ್ರ ಲ್ಯಾಬಿನ ಸಹಾಯಕಿಗೆ ಮಕ್ಕಳಿಟ್ಟ ಹೆಸರು ಸೀಸೆಯಮ್ಮ. ಇಪ್ಪತ್ತೆರಡು ವರ್ಷ ಆಮ್ಲ, ಕ್ಷಾರಗಳ ಸೀಸೆ ತೊಳೆದು ತುಂಬಿಸಿದವಳ ಜತೆ ಇಡೀ ಶಾಲೆ ಆಡುತ್ತಿದ್ದ ಮಾತು ಎರಡೇ: ‘ಅದು ಕೊಡಿ’, ‘ಇದು ತೊಳೀರಿ’. ಮನೆಗೆ ಹೋದರೆ ಅದೂ ಇಲ್ಲ. ಅಲ್ಲಿ ಮಾತಾಡಿಸಲು ಗೋಡೆ ಬಿಟ್ಟರೆ ಯಾರಿದ್ದರು?

ಈ ವರ್ಷ ಒಂಬತ್ತನೇ ತರಗತಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಮಧ್ಯಾಹ್ನ ಡಬ್ಬಿ ಹಿಡಿದು ಲ್ಯಾಬಿಗೇ ಬರತೊಡಗಿದಳು. ಎತ್ತರ ಜಾಸ್ತಿಯೆಂದು ಕ್ಲಾಸಿನವರು ಅವಳನ್ನು ಒಂಟೆ ಎಂದು ಕರೆದು ದೂರವಿಟ್ಟಿದ್ದರು. ಸೀಸೆಯಮ್ಮನನ್ನು ಅಕ್ಕ ಎಂದವಳು ಅವಳೊಬ್ಬಳೇ. ಇಬ್ಬರೂ ಸಿಂಕಿನ ಪಕ್ಕ ಕೂತು ಉಣ್ಣುತ್ತ ಹರಟೆ ಕೊಚ್ಚುತ್ತಿದ್ದರು. ಪ್ರಯೋಗ ಪರೀಕ್ಷೆಯ ಹಿಂದಿನ ದಿನ ಹರಟೆ ಅತಿಯಾಗಿ, ಪ್ರಯೋಗಕ್ಕೆ ಬೇಕಾದ ಶುದ್ಧ ನೀರನ್ನು ಬಟ್ಟಿ ಇಳಿಸುವುದೇ ಮರೆತುಹೋಯಿತು. ಬೆಳಿಗ್ಗೆ ನೋಡಿದರೆ ಕ್ಯಾನು ಖಾಲಿ, ಪರೀಕ್ಷೆಗೆ ಅರ್ಧ ಗಂಟೆ. ಯಾರಿಗೆ ಗೊತ್ತಾಗುತ್ತದೆ ಎಂದು ಸೀಸೆಯಮ್ಮ ಸೀಸೆಗಳಿಗೆ ನಲ್ಲಿ ನೀರನ್ನೇ ತುಂಬಿಸಿಟ್ಟಳು.

ಯಾವುದೆಂದು ಪತ್ತೆ ಹಚ್ಚಲು ಮಕ್ಕಳಿಗೆ ಕೊಟ್ಟ ಉಪ್ಪು ಸಲ್ಫೇಟು. ಅದನ್ನು ನೀರಿನಲ್ಲಿ ಕರಗಿಸಿ ಸಿಲ್ವರ್ ನೈಟ್ರೇಟ್ ಬಿಟ್ಟಾಗ ತಿಳಿಯಾಗಿಯೇ ಇರಬೇಕಿತ್ತು. ಆದರೆ ನಲ್ಲಿ ನೀರಿನಲ್ಲೇ ಇದ್ದ ಕ್ಲೋರೈಡಿನಿಂದ ಎಲ್ಲರ ನಳಿಕೆಯೂ ಬೆಳ್ಳಗಾಯಿತು. ಮೂವತ್ತೊಂದು ಮಕ್ಕಳು ಕಣ್ಣುಮುಚ್ಚಿ ‘ಕ್ಲೋರೈಡ್’ ಎಂದು ಬರೆದರು. ಆ ಹುಡುಗಿಯೊಬ್ಬಳು ಮಾತ್ರ ‘ಸಲ್ಫೇಟ್’ ಎಂದು ಬರೆದಳು.

ಸಂಜೆ ಮೇಷ್ಟ್ರು ಅವಳನ್ನು ಲ್ಯಾಬಿಗೆ ಕರೆಸಿದರು. ಅಷ್ಟರಲ್ಲಿ ಸೀಸೆಗಳೆಲ್ಲ ತೊಳೆದು ಬೋರಲು ಹಾಕಿದ್ದಾಗಿತ್ತು.

“ಎಲ್ಲರಿಗೂ ತಪ್ಪಿದ್ದು ನಿನಗೊಬ್ಬಳಿಗೇ ಹೇಗೆ ಸರಿ ಬಂತು? ದಿನಾ ಇಲ್ಲೇ ಬಿದ್ದಿರ್ತೀಯಲ್ಲ, ಉತ್ತರದ ಚೀಟಿ ನೋಡಿದ್ದೀಯ.”

“ಇಲ್ಲ ಸಾರ್. ಬರೀ ನೀರಿಗೆ ಸಿಲ್ವರ್ ನೈಟ್ರೇಟ್ ಹಾಕಿದ್ರೂ ಬೆಳ್ಳಗಾಯ್ತು. ಅದಕ್ಕೇ ಬೇರಿಯಂ ಕ್ಲೋರೈಡ್ ಹಾಕಿ ನೋಡ್ದೆ. ಆಗ ಬಂದ ಬಿಳಿ ಆಸಿಡ್‌ಗೂ ಕರಗಲಿಲ್ಲ. ಅಂದ್ರೆ ಸಲ್ಫೇಟೇ ಅಲ್ವಾ ಸಾರ್.”

“ಕಥೆ ಕಟ್ಟಬೇಡ. ಇಪ್ಪತ್ತೆರಡು ವರ್ಷದಿಂದ ಇವರು ಕೊಟ್ಟ ನೀರಲ್ಲಿ ಒಂದು ದಿನ ತಪ್ಪಿಲ್ಲ. ನಿನಗೆ ಸೊನ್ನೆ. ನಾಳೆ ಅಪ್ಪನ್ನ ಕರ್ಕೊಂಡು ಬಾ.”

ಇಷ್ಟು ವರ್ಷದಲ್ಲಿ ಸೀಸೆಯಮ್ಮನಿಗೆ ಸಿಕ್ಕ ಹೊಗಳಿಕೆ ಅದೊಂದೇ. ಸುಮ್ಮನಿದ್ದರೆ ಅದು ಹಾಗೇ ಉಳಿಯುತ್ತಿತ್ತು. ಹುಡುಗಿ ತಲೆ ತಗ್ಗಿಸಿದಳೇ ಹೊರತು ಇವಳತ್ತ ಬೆರಳು ತೋರಿಸಲಿಲ್ಲ. ಸೀಸೆಯಮ್ಮ ಕೈಲಿದ್ದ ಬ್ರಷ್ಷು ಸಿಂಕಿಗೆ ಹಾಕಿ ಮುಂದೆ ಬಂದಳು.

“ಅದು ನಲ್ಲಿ ನೀರು ಸಾರ್. ನಾನೇ ತುಂಬಿಸಿದ್ದು.”

ಮೇಷ್ಟ್ರು ನಲ್ಲಿ ತಿರುಗಿಸಿ ತಾವೇ ಪರೀಕ್ಷಿಸಿದರು; ನಳಿಕೆ ಬೆಳ್ಳಗಾಯಿತು. ಆಮೇಲೆ ಅವಳಿಗೆ ಬಾಯಿಗೆ ಬಂದಂತೆ ಬೈದರು. ಹುಡುಗಿಗೆ ಪೂರ್ತಿ ಅಂಕ, ಉಳಿದವರಿಗೆ ಮರುಪರೀಕ್ಷೆ ಎಂದರು.

ಮರುದಿನ ಕ್ಲಾಸಿಗೆ ಕ್ಲಾಸೇ ಹುಡುಗಿಯನ್ನು ಮುತ್ತಿಕೊಂಡಿತು. ಬರೀ ನೀರನ್ನೂ ನೋಡಬೇಕೆಂದು ಅವಳಿಗೆ ಹೊಳೆದದ್ದು ಹೇಗೆ ಎಂದು ಎಲ್ಲರಿಗೂ ತಿಳಿಯಬೇಕಿತ್ತು. ಮಧ್ಯಾಹ್ನ ಅವಳು ಲ್ಯಾಬಿನ ಹೊಸ್ತಿಲಲ್ಲೇ ನಿಂತಳು.

“ಅಕ್ಕಾ, ಅವರೆಲ್ಲ ಊಟಕ್ಕೆ ಕರೀತಿದ್ದಾರೆ. ಹೋಗ್ಲಾ?”

“ಹೋಗಮ್ಮ, ಅದಕ್ಕೇನು ಕೇಳ್ತೀಯ.”

ಹುಡುಗಿ ಮೆಟ್ಟಿಲಿಳಿದು ಓಡಿದಳು. ಸೀಸೆಯಮ್ಮನಿಗೆ ಸಂತೋಷವೇ ಆಯಿತು, ಸುಳ್ಳಲ್ಲ. ಊಟ ಮಾತ್ರ ಅರ್ಧಕ್ಕೇ ಬಿಟ್ಟು, ಸಿಂಕಿನಲ್ಲಿದ್ದ ಸೀಸೆ ತೊಳೆಯಲು ಎದ್ದಳು.